ತಲೆದೆಸೆಗೆ ನಿಂತವಳು

ಡಿಸೆಂಬರ್ ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಐದೂವರೆ. ಶಹಾಪುರದ ಕಾಲುವೆ ಕ್ಯಾಂಪಿನ ಹಳೆಯ ಸ್ಟೋರ್ ಕೋಣೆ. ಹಾಜರಿದ್ದವರು ನಾಲ್ವರು: ನಾನು, ಕಿರಾಣಿ ಅಂಗಡಿಯ ಸಾವುಕಾರ್ತಿ, ಪೊಲೀಸ್ ಪರೀಕ್ಷೆಗೆ ತಯಾರಿ ನಡೆಸಿದ್ದ ಒಬ್ಬ ಸೊಸೆ, ಅವಳನ್ನು ಕಾಯಲು ದಿನವೂ ಜೊತೆಗೆ ಬರುತ್ತಿದ್ದ ಅವಳ ಅತ್ತೆ. ಉಳಿದ ಹೆಂಗಸರು ಬಂದಿರಲಿಲ್ಲ. ಕಾಲುವೆ ಬಂದ್ ಆಗಿ ಗದ್ದೆಗಳು ಒಣಗಿದ್ದವು, ಭತ್ತದ ಕೊಯ್ಲು ಶುರುವಾಗಿತ್ತು. ನಾನು ಸೀಟಿ ಊದಿ ಬಾಗಿಲು ಹಾಕಿದೆ. ಸೀಟಿ ಆದ ಮೇಲೆ ಬಂದವರಿಗೆ ನಾನು ಬಾಗಿಲು ತೆಗೆಯುವುದಿಲ್ಲ. ಅವರು ಚಳಿಯಲ್ಲಿ ಹೊರಗೆ ನಿಂತು, ಒಳಗಿನ ಸದ್ದು ಕೇಳಿಸಿಕೊಂಡು ಮನೆಗೆ ಹೋಗಬೇಕು. ಹಾಗೆ ಒಮ್ಮೆ ನಿಂತವರು ಮತ್ತೆ ತಡಮಾಡಿದ್ದನ್ನು ನಾನು ಕಂಡಿಲ್ಲ.

ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಕಿಯಾಗಿದ್ದೆ. ನಾನೇ ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವಳು. ನಿವೃತ್ತಿಯಾದ ಮೇಲೆ ಗಂಟೆ ಬಾರಿಸುವವರು ಇಲ್ಲವಾದರೂ ದೇಹಕ್ಕೆ ಅದು ಕೇಳಿಸುತ್ತಲೇ ಇರುತ್ತದೆ. ಕ್ಯಾಂಪಿನ ಕೋಣೆಯಲ್ಲಿ ಹಿಂದೆ ಕಾಲುವೆ ಕೆಲಸದ ನೌಕರರು ವ್ಯಾಯಾಮಕ್ಕೆಂದು ತಂದಿಟ್ಟ ಒಂದು ಬೆಂಚು, ಒಂದು ಉದ್ದ ಕಬ್ಬಿಣದ ಸರಳು, ಕೆಲವು ತೂಕದ ಬಿಲ್ಲೆಗಳು ಇದ್ದವು. ಸಂಜೆ ಗಂಡಸರು ಬಳಸುತ್ತಿದ್ದರು. ಬೆಳಗಿನ ಹೊತ್ತು ಹೆಂಗಸರಿಗೆ ಕೊಡಿ, ಜವಾಬ್ದಾರಿ ನನ್ನದು ಎಂದು ಕೇಳಿ ಪಡೆದೆ. ಮಲಗಿಕೊಂಡು ಸರಳನ್ನು ಎದೆಗಿಳಿಸಿ ಮೇಲಕ್ಕೆ ತಳ್ಳುವ ಕಸರತ್ತಿಗೆ ಬೆಂಚ್ ಪ್ರೆಸ್ ಎನ್ನುತ್ತಾರೆ. ಹೊಲದ ಕೆಲಸದಲ್ಲಿ ನಮ್ಮ ಹೆಂಗಸರ ಬೆನ್ನು, ಕುತ್ತಿಗೆ, ಸೊಂಟ ಸವೆಯುತ್ತವೆ. ಎದೆಯಿಂದ ಮುಂದಕ್ಕೆ ತಳ್ಳುವ ಕೆಲಸ ಅವರಿಗೆ ಯಾರೂ ಕೊಟ್ಟಿಲ್ಲ. ಹಾಗಾಗಿ ಆ ಒಂದು ಕಸರತ್ತನ್ನು ನಾನು ಬಿಡದೆ ಮಾಡಿಸುತ್ತಿದ್ದೆ.

ಸೊಸೆಗೆ ಆ ಸೋಮವಾರ ಕೊನೆಯ ಅವಕಾಶ. ಕಾನ್‌ಸ್ಟೇಬಲ್ ಹುದ್ದೆಯ ಲಿಖಿತ ಪರೀಕ್ಷೆ ಪಾಸಾಗಿದ್ದಳು. ಯಾದಗಿರಿಯಲ್ಲಿ ದೈಹಿಕ ಪರೀಕ್ಷೆ ಇತ್ತು. ಓಟ, ಜಿಗಿತ ಅವಳಿಗೆ ಕಷ್ಟವಲ್ಲ. ಹಿಂದಿನ ಸಲ ಅವಳು ಎಸೆದ ಕಬ್ಬಿಣದ ಗುಂಡು ಗೆರೆಗಿಂತ ಒಂದು ಗೇಣು ಈಚೆ ಬಿದ್ದುದರಿಂದ ಸೋತು ಮನೆಗೆ ಬಂದಿದ್ದಳು. ಮುಂದಿನ ಭರ್ತಿಯ ಹೊತ್ತಿಗೆ ವಯಸ್ಸು ಮೀರುತ್ತದೆ. ಆ ಒಂದು ಗೇಣಿಗಾಗಿಯೇ ಅವಳು ನನ್ನ ಬೆಂಚಿನ ಮೇಲೆ ಮಲಗಲು ಬಂದದ್ದು. ಗಂಡ ಸುರಪುರದ ಕಡೆ ಕಾಲುವೆಯ ಗೇಟಿನ ಮೇಲೆ ದಿನಗೂಲಿಗೆ ಇದ್ದ. ತಾಯಿ ಹೂಂ ಅಂದರೆ ತನ್ನದೂ ಹೂಂ ಎನ್ನುವ ಮನುಷ್ಯ. ತಾಯಿ ಹೂಂ ಅಂದಿರಲಿಲ್ಲ, ಇಲ್ಲ ಎಂದೂ ಅಂದಿರಲಿಲ್ಲ. ಸೋಮವಾರ ಬರಲಿ, ಆಮೇಲೆ ನೋಡೋಣ ಎಂದು ಮೂರು ತಿಂಗಳು ಅವಳನ್ನು ನೇತುಹಾಕಿ ಇಟ್ಟಿದ್ದಳು. ಸೊಸೆ ತರಬೇತಿಗೆ ಹೋದರೆ ರೊಟ್ಟಿ, ಎಮ್ಮೆ, ನಾಟಿ, ಚಿಕ್ಕ ಮೊಮ್ಮಗಳು ಎಲ್ಲವೂ ಅತ್ತೆಯ ಕೊರಳಿಗೆ ಬೀಳುತ್ತಿದ್ದವು. ಅದನ್ನು ಆಕೆ ಮುಚ್ಚಿಡುತ್ತಲೂ ಇರಲಿಲ್ಲ.

ಅತ್ತೆ ದೋರನಹಳ್ಳಿಯವಳು. ಬಡಕಲು ಮೈ, ಕಡ್ಡಿಯಂಥ ಕೈಕಾಲು, ಬಾಯಿ ತುಂಬ ತಂಬಾಕು. ಹುಡುಗಿಯಾಗಿದ್ದಾಗ ಶಿರವಾಳದ ಕಡೆ ಉಪಕಾಲುವೆ ತೋಡುವಾಗ ಮಣ್ಣು ಹೊತ್ತವಳು. ಅಲ್ಲಿ ಆಕೆಯ ಕೆಲಸ ಹೊರುವುದಕ್ಕಿಂತ ಹೊರಿಸುವುದೇ ಹೆಚ್ಚಾಗಿತ್ತು. ಹೆಂಗಸರು ಸಾಲಾಗಿ ಬರುತ್ತಾರೆ, ಮಣ್ಣು ತುಂಬಿದ ಬುಟ್ಟಿಯನ್ನು ಈಕೆ ಎತ್ತಿ ಅವರ ತಲೆಗೇರಿಸುತ್ತಾಳೆ, ಏರಿಸಿದ ಕೂಡಲೇ ಮುಖ ತಿರುವಿ ಮುಂದಿನ ಬುಟ್ಟಿಗೆ ಬಾಗುತ್ತಾಳೆ. ಹೊತ್ತವಳು ನಡೆದಳೋ ಬಿದ್ದಳೋ ನಿಂತು ನೋಡಿದರೆ ಮೇಸ್ತ್ರಿ ಬೈಯುತ್ತಿದ್ದ. ಇಳಿಸುವುದು ಹೊರಿಸಿದವಳ ಕೆಲಸವಲ್ಲ. ಏರಿಯ ಮೇಲೆ ಹೋಗಿ ಹೊತ್ತವಳೇ ಕೆಡವುತ್ತಾಳೆ. ಇದನ್ನೆಲ್ಲ ಆಕೆಯೇ ಹೇಳಿದ್ದಳು, ಒಂದಲ್ಲ, ಹಲವು ಸಲ. ನನ್ನ ಕೈ ತಾಕದೇ ಈ ಕಾಲುವೆಗೆ ನೀರು ಬಂದಿಲ್ಲ ಎನ್ನುವ ಧಾಟಿಯಲ್ಲಿ.

ಇಂಥ ಕೈಯನ್ನು ಬೆಂಚಿನ ತಲೆದೆಸೆಗೆ ನಿಲ್ಲಿಸಬೇಕಾಗಿ ಬಂದದ್ದು ಹೀಗೆ.

ಮೊದಲ ವಾರ ಹೆಂಗಸರಿಗೆ ಸರಳು ಎತ್ತುವುದು ಕಷ್ಟವಾಗಲಿಲ್ಲ, ಮಲಗುವುದು ಕಷ್ಟವಾಯಿತು. ಹೆರಿಗೆಗೆ, ಜ್ವರಕ್ಕೆ ಬಿಟ್ಟರೆ ನಾಲ್ಕು ಜನರ ಎದುರು ಅಂಗಾತ ಮಲಗಿ ಎರಡು ಕಾಲು ಅಗಲಿಸಿ ನೆಲಕ್ಕೂರಿದವರು ಅವರಲ್ಲಿ ಯಾರೂ ಇರಲಿಲ್ಲ. ಕಿಟಕಿಗೆ ಗೋಣಿಚೀಲ ಬಡಿದೆ. ಸೀರೆಯವರು ಸೆರಗನ್ನು ಸೊಂಟಕ್ಕೆ ಬಿಗಿದರು, ಚೂಡಿದಾರದವರು ಓಢಣಿ ತೆಗೆದಿಟ್ಟರು. ತಾಳಿಸರ ಸರಳಿನ ಕೆಳಗೆ ಸಿಕ್ಕಿ ಎದೆಗೆ ಚುಚ್ಚುತ್ತದೆಂದು ಅದನ್ನು ಬೆನ್ನಿಗೆ ಎಸೆದುಕೊಳ್ಳಲು ಕಲಿಸಿದೆ. ಬಳೆ ತೆಗೆಯಿರಿ ಎಂದಾಗ ಮಾತ್ರ ಎಲ್ಲರೂ ಕೈ ಹಿಂದಕ್ಕೆ ಎಳೆದುಕೊಂಡರು. ಗಂಡ ಇರುವಾಗ ಬರಿಗೈ ಮಾಡಿಕೊಳ್ಳುವುದು ಹೇಗೆ ಎಂದು ಅತ್ತೆ ಎಲ್ಲರ ಪರವಾಗಿ ಕೇಳಿದಳು. ಕೊನೆಗೆ ಬಳೆಯ ಮೇಲೆ ಬಟ್ಟೆ ಸುತ್ತಿಕೊಳ್ಳಲು ಒಪ್ಪಿದರು. ಅದು ಸರಿಯಲ್ಲ ಎಂದು ಆಗಲೇ ಹೇಳಿದ್ದೆ.

ಅದಾದ ಮೇಲೆ ದಿಕ್ಕಿನ ತಕರಾರು ಹುಟ್ಟಿತು. ಬೆಂಚನ್ನು ಹಿಂದಿನವರು ಬಡಗು ದಿಕ್ಕಿಗೆ ತಲೆ ಬರುವಂತೆ ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದರು. ಬಡಗು ದಿಕ್ಕಿಗೆ ತಲೆ ಹಾಕಿ ಮಲಗುವುದು ಹೆಣ ಎಂದು ಅತ್ತೆ ಮೊದಲ ದಿನವೇ ಬೆಂಚಿನ ಸುತ್ತ ತಿರುಗಿ ಹೇಳಿದಳು. ಆಮೇಲೆ ಯಾರೂ ಮಲಗಲಿಲ್ಲ. ಸಾವುಕಾರ್ತಿ ಒಬ್ಬಳೇ ನಕ್ಕಳು. ಅವರು ಶಿವಭಕ್ತರ ಮನೆತನ, ಶಹಾಪುರದ ಪೇಟೆಯಲ್ಲಿ ಹಳೆಯ ಅಂಗಡಿ. ಆಕೆಯ ಮೈ ಅಂಗಡಿಯ ಸಕ್ಕರೆ ಚೀಲದಷ್ಟು ದಪ್ಪ, ಸಕ್ಕರೆ ಕಾಯಿಲೆಯೂ ಇತ್ತು. ಡಾಕ್ಟರು ಹೇಳಿ ಬಂದಿದ್ದಳು.

"ನಮ್ಮಲ್ಲಿ ಹೆಣ ಮಲಗಸಂಗಿಲ್ಲವ್ವ, ಕುಂಡ್ರಸ್ತಾರ," ಎಂದಳು. "ನನಗ ಯಾವ ದಿಕ್ಕಾದ್ರೂ ನಡೀತದ."

"ಹಂಗಾದ್ರ ನೀವು ಕುಂತೇ ಎತ್ರಿ ಸಾವುಕಾರ್ತಿ," ಎಂದಳು ಅತ್ತೆ. "ನಿಮಗ ಹೆಂಗೂ ಎದ್ದು ಬರಾಕ ನಾಕ್ ಮಂದಿ ಬೇಕು."

ಬೆಂಚು ತಿರುಗಿಸಿದೆವು. ನೆಲದ ಬೋಲ್ಟುಗಳು ಇದ್ದಲ್ಲೇ ಇದ್ದುದರಿಂದ ಹಿಂದುಮುಂದು ಮಾಡಲು ಮಾತ್ರ ಸಾಧ್ಯವಿತ್ತು. ತಲೆ ತೆಂಕಣ ಗೋಡೆಯ ಕಡೆಗೆ ಬಂತು. ಆ ಗೋಡೆಗೆ ಕಾಲುವೆಯ ಹಳೆಯ ಗೇಟಿನ ಕಬ್ಬಿಣದ ಹಲಗೆಗಳನ್ನು ಒರಗಿಸಿಟ್ಟಿದ್ದರು. ಅವನ್ನು ಸರಿಸಲು ಕ್ರೇನ್ ಬೇಕು. ಹಲಗೆಗೂ ಸರಳು ಕೂರುವ ಕೊಕ್ಕೆಗಳಿಗೂ ನಡುವೆ ಒಂದು ಸಂದು ಉಳಿಯಿತು. ಸರಳು ಎತ್ತಿಕೊಡುವವರು, ಎತ್ತಲಾಗದಾಗ ಹಿಡಿದುಕೊಳ್ಳುವವರು ನಿಲ್ಲಬೇಕಾದದ್ದು ಅಲ್ಲೇ. ಸಾವುಕಾರ್ತಿಯ ಒಂದು ತೋಳೂ ಅದರಲ್ಲಿ ಹೋಗುತ್ತಿರಲಿಲ್ಲ. ನನ್ನ ಮೊಣಕಾಲು ಅಷ್ಟು ಇಕ್ಕಟ್ಟಿನಲ್ಲಿ ಬಾಗುವುದಿಲ್ಲ. ಸಲೀಸಾಗಿ ನುಸುಳಿದವಳು ಅತ್ತೆ. ದಿನವೂ ಮೂಲೆಯಲ್ಲಿ ಕೂತು ಎಲ್ಲರನ್ನೂ ಆಡಿಕೊಳ್ಳುವುದಕ್ಕಿಂತ ಒಂದು ಕೆಲಸ ಮಾಡಲಿ ಎಂದು ನಾನೂ ಒಪ್ಪಿದೆ. ಎತ್ತಿಕೊಟ್ಟ ಮೇಲೆ ಕೈಯನ್ನು ಸರಳಿನ ಕೆಳಗೇ ಇಟ್ಟುಕೊಂಡಿರಬೇಕು, ಕೊಕ್ಕೆಗೆ ವಾಪಸು ಬರುವವರೆಗೆ ಕಣ್ಣು ತೆಗೆಯಬಾರದು ಎಂದು ಕಲಿಸಿದೆ. ಆಕೆ ಹೂಂ ಎಂದಳು. ಮೂರು ತಿಂಗಳು ಹಾಗೆಯೇ ನಿಂತಳು. ನಾನು ಪಕ್ಕದಲ್ಲಿ ಇರುತ್ತಿದ್ದೆ, ಗದರುತ್ತಿದ್ದೆ. ಬೇರೆಯವರು ಮಲಗಿದಾಗ ಬಾಯಿ ಬಿಗಿಹಿಡಿದು ನಿಲ್ಲುವವಳು ಸೊಸೆ ಮಲಗಿದಾಗ ಮಾತ್ರ ಅವಳ ಮುಖದ ಮೇಲೆಯೇ ಮಾತಾಡುತ್ತಿದ್ದಳು. ಉಪ್ಪಿನಕಾಯಿ ಭರಣಿ ಇಳಿಸಲಾರದವಳು, ಬಾಣಂತನದಲ್ಲೇ ಇವಳ ಶಕ್ತಿ ಸೋರಿಹೋಯಿತು, ತವರಿನಿಂದ ತಂದದ್ದೇ ಇಷ್ಟು ಬಲದ ಕೈ ಎಂದು. ಸೊಸೆ ಉಸಿರು ಬಿಗಿಹಿಡಿದು ತಳ್ಳುತ್ತಿದ್ದಳು. ನನಗೆ ಅದರಿಂದ ಲಾಭವೇ ಇತ್ತು, ನಾನು ತಡೆಯಲಿಲ್ಲ. ಯಾದಗಿರಿಯ ಮೈದಾನದಲ್ಲಿ ಯಾರೂ ಅವಳ ಕಿವಿಯಲ್ಲಿ ಜೋಗುಳ ಹಾಡುವುದಿಲ್ಲ.

ಆ ಶನಿವಾರ ಕೊನೆಯ ಅಭ್ಯಾಸ. ಭಾನುವಾರ ವಿಶ್ರಾಂತಿ. ಸರಳಿಗೆ ಎರಡು ಕಡೆ ಒಂದೊಂದು ಸಣ್ಣ ಬಿಲ್ಲೆ ಮಾತ್ರ ಹಾಕಿಸಿದೆ. ಅವಳು ಅದಕ್ಕಿಂತ ಹೆಚ್ಚು ಎತ್ತಿದ್ದಳು. ಸಾವುಕಾರ್ತಿಯ ಸರದಿ ಮುಗಿದು, ಆಕೆ ಎದ್ದು ಮೈ ಒರೆಸಿಕೊಳ್ಳುತ್ತಿದ್ದಾಗ ನಾನು ಕೋಣೆಯ ಇನ್ನೊಂದು ತುದಿಯಲ್ಲಿ ಉಳಿದ ಬಿಲ್ಲೆಗಳನ್ನು ಸಾಲಾಗಿ ಜೋಡಿಸುತ್ತಿದ್ದೆ. ಸೊಸೆ ಮಲಗಿದಳು. ಅತ್ತೆ ಎತ್ತಿಕೊಟ್ಟಳು. ಎತ್ತಿಕೊಟ್ಟವಳೇ ಮುಖ ತಿರುವಿ ಸಂದಿನಿಂದ ಹೊರಗೆ ಬಂದು, "ಹೂಂ, ಮುಂದಿನಾಕಿ ಯಾರು," ಎಂದು ಸಾವುಕಾರ್ತಿಯ ಕಡೆ ನೋಡಿದಳು.

ಸೊಸೆಗೆ ತಲೆದೆಸೆಯಲ್ಲಿ ಕೈ ಇಲ್ಲವೆಂದು ಗೊತ್ತಾದದ್ದು ಸರಳು ಅರ್ಧ ಇಳಿದ ಮೇಲೆ. ಹಿಂದೆ ತಲೆ ಹೊರಳಿಸಿ ನೋಡಿದಳು. ಅಷ್ಟು ಸಾಕಾಯಿತು. ಬಲಗಡೆ ವಾಲಿ ಸರಳು ಎದೆಗೆ ಬಿತ್ತು, ಬಲಗೈಯ ಮಣಿಕಟ್ಟು ಅದರ ಕೆಳಗೆ ಹಿಂದಕ್ಕೆ ಮಡಚಿಕೊಂಡಿತು. ಬಟ್ಟೆಯೊಳಗೆ ಬಳೆ ಒಡೆದ ಸದ್ದು ನನಗೆ ಅಲ್ಲಿಗೇ ಕೇಳಿಸಿತು. ಅವಳ ಬಾಯಿಂದ ಸದ್ದು ಬರಲಿಲ್ಲ. ಬರಲು ಎದೆಯಲ್ಲಿ ಗಾಳಿ ಇರಲಿಲ್ಲ. ನಾನೂ ಸಾವುಕಾರ್ತಿಯೂ ಎರಡು ತುದಿ ಹಿಡಿದು ಎತ್ತಿದೆವು. ಅತ್ತೆ ನಿಂತಲ್ಲೇ ನಿಂತಿದ್ದಳು.

ಯಾಕೆ ಬಿಟ್ಟು ಬಂದಿ ಎಂದು ಕೇಳಿದೆ.

"ನಾ ಹೊರಿಸೀನ್ರಿ ಅಕ್ಕೋರ," ಎಂದಳು. "ಇಳಿಸಾಕ ನನಗ್ಯಾರು ಹೇಳ್ಯಾರ?"

ಮೂರು ತಿಂಗಳು ಹೇಳಿದ್ದೆ. ಕೈಯ ಹಳೆಯ ರೂಢಿ ಅಂದು ತಾನಾಗಿ ಎದ್ದಿತೋ, ಆಕೆಯೇ ಎಬ್ಬಿಸಿದಳೋ, ನಾನು ಇಂದಿಗೂ ತೀರ್ಮಾನಿಸಿಲ್ಲ. ಆಕೆಯ ಮುಖದಲ್ಲಿ ಗಾಬರಿ ಇರಲಿಲ್ಲ. ಗೆದ್ದ ಸಂತೋಷವೂ ಇರಲಿಲ್ಲ. ಕೆಲಸ ಮುಗಿಸಿದವಳ ಮುಖ ಅದು. ಸೊಸೆಯ ಮಣಿಕಟ್ಟಿನ ಬಟ್ಟೆ ಬಿಚ್ಚಿದಾಗ ಹಸಿರು ಗಾಜಿನ ಚೂರುಗಳೂ ರಕ್ತವೂ ಒಟ್ಟಿಗೆ ಕಂಡವು. ಆಗ ಅತ್ತೆಗೆ ಸಿಟ್ಟು ಬಂತು. ಸೊಸೆಯ ಎದೆಯ ಮೇಲೆ ಸರಳಿನ ಗೆರೆ ಕೆಂಪಗೆ ಏಳುತ್ತಿತ್ತು, ಆಕೆ ಬಳೆಯ ಬಗ್ಗೆ ಮಾತಾಡಿದಳು. ನನ್ನ ಮಗ ಬದುಕಿರುವಾಗ ಗಂಡಸರ ಕಬ್ಬಿಣದ ಕೆಳಗೆ ಬಳೆ ಒಡೆದುಕೊಂಡಳು, ಇದಕ್ಕಿಂತ ಕೆಟ್ಟ ಶಕುನ ಬೇಕೇ, ಯಾದಗಿರಿಯ ಮಾತು ಇಲ್ಲಿಗೇ ಮುಗಿಯಿತು, ಸೋಮವಾರ ಗದ್ದೆಗೆ ಇಳಿಯಲಿ ಎಂದಳು. ಮೂರು ತಿಂಗಳು ಹೇಳದೆ ಇಟ್ಟುಕೊಂಡಿದ್ದ ಮಾತು ಅಂದು ಹೊರಬಂತು.

ಸೊಸೆ ಗೋಡೆಗೆ ಆತು ಕೂತಿದ್ದಳು. ಕಣ್ಣು ತುಂಬಿದ್ದವು. ನಾನು ಗಾಜು ಆರಿಸಿ, ತೊಳೆದು, ಬಟ್ಟೆ ಕಟ್ಟುತ್ತ, "ಅಳೂದಿದ್ರ ಏಳು ಗಂಟಿ ಆದ ಮ್ಯಾಲ ಅಳು. ಇದು ಕಸರತ್ತಿನ ಹೊತ್ತು," ಎಂದೆ. ಬೆರಳು ಮಡಚಿಸಿ, ಬಿಡಿಸಿ ನೋಡಿದೆ. ಎಲುಬು ಮುರಿದಿರಲಿಲ್ಲ, ಉಳುಕಿತ್ತು. ಹಾಗೆ ಬಲವಾಗಿ ಒತ್ತಿ ನೋಡಿದಾಗ ಅವಳು ನನ್ನ ಮುಖವನ್ನು ಹೇಗೆ ನೋಡಿದಳೆಂದರೆ, ಅತ್ತೆಗೂ ನನಗೂ ಹೆಚ್ಚಿನ ವ್ಯತ್ಯಾಸ ಕಂಡಿರಲಿಕ್ಕಿಲ್ಲ.

ಅತ್ತೆ ಅಲ್ಲಿಗೇ ಬಿಟ್ಟಿದ್ದರೆ ದಿನ ಮುಗಿಯುತ್ತಿತ್ತು. ಆಕೆಯ ಜಂಬ ಬಿಡಲಿಲ್ಲ. ಇದೊಂದು ಸಲಾಕೆಗೆ ಇಷ್ಟು ಚೀರಾಟ, ಕಾಲುವೆಯ ಮಣ್ಣು ಎತ್ತಿದವಳು ನಾನು, ನಾನು ಮಲಗಿ ತೋರಿಸುತ್ತೇನೆ ಎಂದಳು. ಸಾವುಕಾರ್ತಿ ಬೇಡ ಎಂದಳು. ನಾನು ಬೇಡ ಎನ್ನಲಿಲ್ಲ. ಬಿಲ್ಲೆಗಳನ್ನು ಕಳಚಿ ಬರೀ ಸರಳು ಉಳಿಸಿದೆ. ಯಾರು ಮಲಗಿದರೂ ನಿಯಮ ಒಂದೇ, ತಲೆದೆಸೆಗೆ ಒಬ್ಬರು ಬೇಕು ಎಂದೆ. ಸಂದಿನಲ್ಲಿ ಹೋಗಬಲ್ಲವಳು ಇನ್ನೊಬ್ಬಳೇ ಇದ್ದಳು.

"ಆಕೀನ ನಿಲ್ಲಲಿ," ಎಂದಳು ಅತ್ತೆ. "ನನ್ನ ಅನ್ನ ಉಂಡಾಕಿ."

ಸೊಸೆ ಎದ್ದು ಸಂದಿಗೆ ಹೋದಳು. ಒಂದು ಕೈ ನೆಟ್ಟಗಿತ್ತು, ಇನ್ನೊಂದು ಆಸರೆಗೆ ಮಾತ್ರ. ಸರಳು ಎತ್ತಿಕೊಟ್ಟಳು. ಅತ್ತೆ ಹಿಡಿದಳು. ತಲೆಯ ಮೇಲೆ ಹೊತ್ತು ಬದುಕಿದವರಿಗೆ ತೋಳು ಬಾಗಿಸಿ ತೂಕ ತಡೆಯುವುದು ಗೊತ್ತಿರುವುದಿಲ್ಲ. ಕುತ್ತಿಗೆ ಬಿಗಿದು ನೆಟ್ಟಗೆ ನಿಲ್ಲುವುದು ಗೊತ್ತು. ಆಕೆ ಕುತ್ತಿಗೆ ಬಿಗಿದಳು. ತೋಳುಗಳು ನಡುಗಿ ಬಾಗಿದವು, ಸರಳು ಮೆಲ್ಲಗೆ ಬಂದು ಎದೆಯ ಮೇಲೆ ಕೂತಿತು. ಕೂತದ್ದು ಏಳಲಿಲ್ಲ. ಸೊಸೆ ಮುಖ ತಿರುವಿ ಗೇಟಿನ ಹಲಗೆಗಳ ಕಡೆ ನೋಡುತ್ತ ನಿಂತಳು.

"ಇಳಸು," ಎಂದಳು ಅತ್ತೆ.

"ಇಳಿಸಾಕ ನನಗ್ಯಾರು ಹೇಳ್ಯಾರ್ರಿ, ಅತ್ತಿ?"

ಸಾವುಕಾರ್ತಿ ಮುಂದೆ ಬಂದಳು. ನಾನು ಕೈ ಅಡ್ಡ ಹಿಡಿದೆ. ಸರಳು ಎದೆಯ ಮೇಲಿತ್ತು, ಕುತ್ತಿಗೆಯ ಮೇಲಲ್ಲ. ಆಕೆಗೆ ಉಸಿರು ಹೋಗಿಬರುತ್ತಿತ್ತು, ನಾನು ಅದನ್ನೇ ನೋಡುತ್ತಿದ್ದೆ. ಉಳಿದದ್ದು ಅವರಿಬ್ಬರ ನಡುವಿನದು.

ಸೊಸೆ ಹಲಗೆಗೆ ಮಾತಾಡಿದಂತೆ ಕೇಳಿದಳು. "ಸೋಮವಾರ ಯಾದಗಿರಿಗಿ ಹೋಗ್ಲ್ಯಾ?"

"ಬ್ಯಾಡ."

"ಹೋಗ್ಲ್ಯಾ, ಅತ್ತಿ?"

"ಬ್ಯಾಡ ಅಂದ್ರ ಬ್ಯಾಡ." ಎರಡನೆಯ ಸಲದ ದನಿ ತೆಳ್ಳಗಾಗಿತ್ತು. ಹಣೆಯ ನರಗಳು ಎದ್ದಿದ್ದವು. ಕಾಲುಗಳು ನೆಲ ಕೆರೆಯುತ್ತಿದ್ದವು. ಕಾಲುಂಗುರ ಸಿಮೆಂಟಿಗೆ ತಾಗಿ ಕಿರ್ ಎನ್ನುತ್ತಿತ್ತು. ಅಂಥ ಮೊಂಡುತನವನ್ನು ನಾನು ಶಾಲೆಯಲ್ಲಿ ಎಷ್ಟೋ ಹುಡುಗಿಯರಲ್ಲಿ ಹುಡುಕಿದ್ದೆ, ಸಿಕ್ಕಿರಲಿಲ್ಲ. ಸೊಸೆ ಮೂರನೆಯ ಸಲ ಕೇಳಲಿಲ್ಲ. ತಿರುಗಿ, ಬಾಗಿ, ಉಳುಕಿದ ಕೈಯನ್ನೂ ಸೇರಿಸಿ ಸರಳನ್ನು ಎತ್ತಿ ಕೊಕ್ಕೆಗೆ ಹಾಕಿದಳು. ಹಾಕುವಾಗ ಅವಳ ಬಾಯಿಂದ ಒಂದು ನರಳಿಕೆ ಬಂತು. ಬೆಳಗಿನಿಂದ ನೋವಿಗೆ ಅವಳು ಮಾಡಿದ ಮೊದಲ ಸದ್ದು ಅದು.

ಅತ್ತೆ ಎದ್ದು ಕೂತು ಸೆರಗು ಸರಿಮಾಡಿಕೊಂಡಳು. ಕೆಮ್ಮಿದಳು. ಸೊಸೆಯ ಕಡೆ ನೋಡದೆ ನನಗೆ ಹೇಳಿದಳು.

"ನೋಡ್ರಿ ಅಕ್ಕೋರ. ಇನ್ನೊಂದು ಗಳಿಗಿ ಬಿಟ್ಟಿದ್ರ ನಾ ಹೂಂ ಅಂತಿದ್ದೆ. ಇಕಿಗಿ ಅಷ್ಟೂ ಆಗ್ಲಿಲ್ಲ. ಇಕಿ ಕಳ್ಳರನ್ನ ಹಿಡಿತಾಳಂತ."

ಸಾವುಕಾರ್ತಿ ತಲೆ ತಗ್ಗಿಸಿದಳು. ಆಮೇಲೆ ಅತ್ತೆ ಸೊಸೆಯ ಕಟ್ಟಿದ ಮಣಿಕಟ್ಟನ್ನು ಹಿಡಿದು, ಸಂತೆಯಲ್ಲಿ ಬದನೆಕಾಯಿ ಹಿಚುಕಿ ನೋಡುವಂತೆ ಹಿಚುಕಿ ನೋಡಿದಳು. ನೋಡಿ ಸಮಾಧಾನವಾಯಿತೆಂದು ತೋರುತ್ತದೆ.

"ಹೋಗು ಸೋಮವಾರ," ಎಂದಳು. "ಈ ಕೈಲೇ ಒಗಿ. ಸೋತು ಬಾ. ಆಮ್ಯಾಲ ಈ ಮನ್ಯಾಗ ಪೊಲೀಸ್ ಅನ್ನೂ ಮಾತು ಎತ್ತಬ್ಯಾಡ."

ಅಪ್ಪಣೆ ಸಿಕ್ಕಿತು. ಕೈ ಕೆಟ್ಟಿದೆ, ಇನ್ನು ಗೆಲ್ಲಲಾರಳು ಎಂಬ ಖಾತ್ರಿಯ ಮೇಲೆ ಸಿಕ್ಕಿದ ಅಪ್ಪಣೆ. ಸೊಸೆಗೂ ಅದು ತಿಳಿಯಿತು. ಬಾಗಿಲ ಹತ್ತಿರ ಇಟ್ಟಿದ್ದ ಗುಂಡನ್ನು ಎಡಗೈಯಿಂದ ಎತ್ತಿಕೊಂಡು ಹೊರಗೆ ನಡೆದಳು.

ಹೊರಗೆ ಬೆಳಕಾಗಿತ್ತು. ಕ್ಯಾಂಪಿನ ಮೈದಾನದಲ್ಲಿ ಅವಳಿಗಾಗಿ ನಾನು ಸುಣ್ಣದ ಗೆರೆ ಹಾಕಿಸಿದ್ದೆ. ಪರೀಕ್ಷೆಯ ದೂರಕ್ಕೆ ಸರಿಯಾಗಿ, ಒಂದು ಅಂಗುಲ ಕಡಿಮೆ ಇಲ್ಲ. ಹಿಂದಿನ ವಾರ ಎರಡು ಸಲ ದಾಟಿಸಿದ್ದಳು. ಈಗ ಈ ಕೈಯಲ್ಲಿ ದಾಟುತ್ತದೋ ಇಲ್ಲವೋ ಎಂಬುದು ಸೋಮವಾರದ ಮುಂಚೆ ಗೊತ್ತಾಗಲೇಬೇಕಿತ್ತು. ಗೊತ್ತಾಗದೆ ಬಸ್ಸು ಹತ್ತುವುದು ನನ್ನ ಪದ್ಧತಿಯಲ್ಲ. ಅತ್ತೆಯೂ ಹಿಂದೆಯೇ ಬಂದಳು. ಬಿದ್ದ ಜಾಗ ನೋಡಲು ಗೆರೆಯ ಹತ್ತಿರ ಒಬ್ಬರು ನಿಲ್ಲಬೇಕು ಎಂದೆ. ಆಕೆ ಹೋಗಿ ಗೆರೆಯ ಆಚೆ, ನಟ್ಟನಡುವೆ, ಗೆರೆಗೆ ಪಾದ ತಾಗಿಸಿ ನಿಂತಳು. ಸರಿದು ನಿಲ್ಲು ಎಂದು ಸೀಟಿ ಊದಿದೆ. ಅರ್ಧ ಹೆಜ್ಜೆ ಸರಿದಳು. ಇಲ್ಲಿಯವರೆಗೆ ಬರಲಿ ಮೊದಲು, ಆಮೇಲೆ ಸರಿಯುತ್ತೇನೆ ಎಂದಳು.

ಮೊದಲ ಎಸೆತ ಬಹಳ ಈಚೆ ಬಿತ್ತು. ಸೊಸೆ ಕೈ ಒದರಿಕೊಂಡು, ಮಣಿಕಟ್ಟನ್ನು ತೊಡೆಗಳ ನಡುವೆ ಒತ್ತಿ ಹಿಡಿದು ಬಾಗಿ ನಿಂತಳು. ಅತ್ತೆ ಗುಂಡನ್ನು ಎತ್ತಿ ತಂದು ಅವಳ ಅಂಗೈಗೆ ಇಟ್ಟು, ಇಟ್ಟ ಕೂಡಲೇ ಮುಖ ತಿರುವಿ ಗೆರೆಗೆ ವಾಪಸಾದಳು. ಎರಡನೆಯದು ಇನ್ನೂ ಈಚೆ ಬಿತ್ತು. ಮತ್ತೆ ತಂದಿಟ್ಟಳು.

"ನೀರ ಕುಡಿತೀ ಏನು," ಎಂದಳು. ಎಂದೂ ಕೇಳಿದವಳಲ್ಲ. ಕೇಳಿದ ರೀತಿ ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಸೊಸೆ ಬೇಡವೆಂದು ತಲೆ ಆಡಿಸಿದಳು. ನಾನು ಹತ್ತಿರ ಹೋಗಿ ಒಂದೇ ಮಾತು ಹೇಳಿದೆ. ಗುಂಡು ಎಸೆಯುವುದು ಮಣಿಕಟ್ಟಿನಿಂದಲ್ಲ, ಎದೆಯಿಂದ. ಮೂರು ತಿಂಗಳು ಬೆಂಚಿನ ಮೇಲೆ ಕಲಿತದ್ದು ಅದನ್ನೇ. ಮಣಿಕಟ್ಟನ್ನು ಸತ್ತಂತೆ ಬಿಡು, ಎದೆಯಿಂದ ತಳ್ಳು ಎಂದೆ. ಅವಳ ಎದೆಯಲ್ಲಿ ಸರಳು ಬಿದ್ದ ಗಾಯವಿತ್ತು. ಅದು ನನಗೆ ಗೊತ್ತಿತ್ತು. ಅಲ್ಲಿಂದಲೇ ತಳ್ಳು ಎಂದೆ.

ಅವಳು ಗುಂಡನ್ನು ಕುತ್ತಿಗೆಗೆ ಒತ್ತಿ ಹಿಡಿದಳು. ಗೆರೆಯ ಕಡೆ ನೋಡಲಿಲ್ಲ, ಗೆರೆಯ ಆಚೆ ನಿಂತ ಎರಡು ಪಾದಗಳನ್ನು ನೋಡಿದಳು. ಎಸೆದಾಗ ಬಾಯಿಂದ ಬಂದ ಸದ್ದಿಗೆ ಕ್ಯಾಂಪಿನ ನಾಯಿಗಳು ಎದ್ದವು. ಗುಂಡು ಸುಣ್ಣದ ಗೆರೆಯ ಆಚೆ ಬಿದ್ದು ಧೂಳು ಎಬ್ಬಿಸಿತು. ಅತ್ತೆ ಕಾಲೆತ್ತಿದಳು. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ, ಕೊಕ್ಕರೆಯ ಹಾಗೆ ಸ್ವಲ್ಪ ಹೊತ್ತು ನಿಂತು, ಮೆಲ್ಲಗೆ ಕಾಲಿಟ್ಟು, ಬಿದ್ದ ಗುಂಡನ್ನು ನೋಡಿದಳು. ಈ ಸಲ ಅದನ್ನು ಎತ್ತಿ ತರಲಿಲ್ಲ.

ಇನ್ನೊಂದು ಎಸೆಯಲೇ ಎಂದು ಸೊಸೆ ಕೇಳಿದಳು. ಬೇಡ ಎಂದೆ. ಒಮ್ಮೆ ದಾಟಿದ್ದು ಸಾಕು. ಆ ನೋವನ್ನು ಹಾಗೇ ಇಟ್ಟುಕೊಂಡು ಯಾದಗಿರಿಗೆ ಹೋಗಲಿ.

ಹೋದಳು. ಸೋಮವಾರ ಅವಳ ಗುಂಡು ಗೆರೆ ದಾಟಿತು. ಅದರ ಬಗ್ಗೆ ನನಗೆ ಬರೆಯಲು ಹೆಚ್ಚಿಲ್ಲ, ನಾನು ಅಲ್ಲಿ ಇರಲಿಲ್ಲ. ಆಮೇಲೆ ಅತ್ತೆ ಪೇಟೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಸಾವುಕಾರ್ತಿಯ ಅಂಗಡಿಯ ಕಟ್ಟೆಯ ಮೇಲೆ ಹೇಳಿಕೊಂಡು ತಿರುಗಿದ ಮಾತು ಮಾತ್ರ ನನ್ನ ಕಿವಿಗೂ ಬಿತ್ತು. ಆ ದಿನ ತಾನು ಸಲಾಕೆ ಬಿಡದೆ ಇದ್ದಿದ್ದರೆ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ, ಸಿಟ್ಟು ಬರದಿದ್ದರೆ ಗುಂಡು ಹೋಗುತ್ತಿರಲಿಲ್ಲ, ಅವಳನ್ನು ಪೊಲೀಸ್ ಮಾಡಿದವಳು ತಾನೇ ಎಂದು. ಸೊಸೆಯ ಎದುರಿಗೂ ಹೀಗೇ ಹೇಳುತ್ತಿದ್ದಳಂತೆ. ಸೊಸೆ ಹೂಂ ಎನ್ನುತ್ತಲೂ ಇರಲಿಲ್ಲ, ಇಲ್ಲ ಎನ್ನುತ್ತಲೂ ಇರಲಿಲ್ಲವಂತೆ. ಅದನ್ನು ಅವಳು ಎಲ್ಲಿ ಕಲಿತಳೆಂದು ಎಲ್ಲರಿಗೂ ಗೊತ್ತು. ನಾನಂತೂ ಅತ್ತೆಯ ಲೆಕ್ಕವನ್ನು ಒಪ್ಪುವುದಿಲ್ಲ. ಮೂರು ತಿಂಗಳ ಕಸರತ್ತು ಒಂದು ಬೆಳಗಿನ ಕೆಡುಕಿಗಿಂತ ಹೆಚ್ಚು ಭಾರ.

ಆ ಶನಿವಾರದ ಕೆಲಸ ಇನ್ನೂ ಒಂದು ಉಳಿದಿತ್ತು. ಸಂಜೆ ಗಂಡಸರು ಬರುವ ಮುಂಚೆ, ಕಾಲುವೆ ಗೇಟುಗಳ ರಿಪೇರಿ ಮಾಡುವವನಿಂದ ಬೋಲ್ಟ್ ತಿರುಗಿಸುವ ದೊಡ್ಡ ಪಾನಾ ತರಿಸಿದೆ. ಸಾವುಕಾರ್ತಿಯನ್ನು ಕರೆಸಿದೆ. ಸೊಸೆಗೆ ಮನೆಯಲ್ಲಿ ಮಲಗಿರು ಎಂದು ಹೇಳಿ ಕಳಿಸಿದ್ದರೂ ಬಂದಳು. ಅವಳು ಬಂದಳೆಂದು ಅತ್ತೆಯೂ ಬಂದಳು. ಬೆಂಚನ್ನು ಬಿಚ್ಚಿ, ಮತ್ತೆ ಹಳೆಯ ಹಾಗೆ, ಬಡಗು ದಿಕ್ಕಿಗೆ ತಲೆ ಬರುವಂತೆ ತಿರುಗಿಸುತ್ತೇನೆ ಎಂದೆ. ಆ ಕಡೆ ತಲೆದೆಸೆಯಲ್ಲಿ ಇಬ್ಬರು ನಿಲ್ಲುವಷ್ಟು ಜಾಗವಿತ್ತು. ನಾನೇ ನಿಲ್ಲಬಹುದಿತ್ತು.

"ಹೆಣದ ದಿಕ್ಕು," ಎಂದಳು ಅತ್ತೆ.

"ನಿಮ್ಮ ದಿಕ್ಕಿನ್ಯಾಗ ಮಲಗಿ ಇವತ್ತ ಸಾಯೂದೇ ಬಾಕಿ ಇತ್ತಲ್ಲಬೇ," ಎಂದಳು ಸಾವುಕಾರ್ತಿ.

ಅತ್ತೆ ಬೋಲ್ಟುಗಳನ್ನು ಉಡಿಯಲ್ಲಿ ಹಾಕಿಕೊಂಡು ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. ನಾನು ಕೈ ಚಾಚಿದಾಗ ಒಂದು ಕೊಡುವಳು, ಕೊಟ್ಟು ಮುಖ ತಿರುವುವಳು. ಸಾವುಕಾರ್ತಿ ತನ್ನ ಭಾರವನ್ನೆಲ್ಲ ಬೆಂಚಿನ ಮೇಲೆ ಹಾಕಿ ಅದು ಅಲುಗದಂತೆ ಕೂತಳು. ಸೊಸೆ ಎಡಗೈಯಲ್ಲಿ ಪಾನಾ ಹಿಡಿದು ಕೊನೆಯ ಬೋಲ್ಟನ್ನು ಬಿಗಿದಳು. ನಾನು ಸರಳನ್ನು ಒರೆಸಿ ಕೊಕ್ಕೆಗಿಟ್ಟೆ, ನೆಲದಲ್ಲಿ ಉಳಿದಿದ್ದ ಎರಡು ಹಸಿರು ಗಾಜಿನ ಚೂರು ಗುಡಿಸಿ ಕಾಗದದಲ್ಲಿ ಸುತ್ತಿದೆ, ಬಾಗಿಲಿಗೆ ಬೀಗ ಹಾಕಿದೆ.